ಫೆಲಿಕ್ಸ್ ಬ್ಲಾಕ್

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದೊಳಗೆ ಕಾಲಿಟ್ಟವರು ಅಲ್ಲಿನ ನುಣುಪಾದ ದುಂಡು ಕಂಬಗಳನ್ನು ಕಂಡು ಬೆರಗಾಗುತ್ತಾರೆ. ಬಳಪದ ಕಲ್ಲನ್ನು ತಿರುಗಣೆಗೆ ಕೊಟ್ಟು, ಅದು ಸುತ್ತುತ್ತಿರುವಾಗಲೇ ಉಳಿ ಹಿಡಿದು ಅವುಗಳನ್ನು ಕಡೆದರೆಂದು ವಿದ್ವಾಂಸರು ಹೇಳುತ್ತಾರೆ. ಸುತ್ತುವ ಕಲ್ಲಿನ ಯಾವ ಪಕ್ಕವೂ ಉಳಿಯ ಮೊನೆಯಿಂದ ತಪ್ಪಿಸಿಕೊಳ್ಳಲಾರದು. ಆದುದರಿಂದಲೇ ಎಲ್ಲ ಪಕ್ಕಗಳೂ ಸಮನಾಗುತ್ತವೆ. ಸುತ್ತಿಸಿ ಸಮತೆಯನ್ನು ಪಡೆಯುವ ಈ ಉಪಾಯವನ್ನು ಇಪ್ಪತ್ತನೆಯ ಶತಮಾನದಲ್ಲಿ ಭೌತವಿಜ್ಞಾನಿಯೊಬ್ಬನು ಕಣ್ಣಿಗೆ ಕಾಣದ ಕಾಂತಕ್ಷೇತ್ರದ ವಿಷಯದಲ್ಲಿ ಬಳಸಿದನು. ಅವನೇ ಫೆಲಿಕ್ಸ್ ಬ್ಲಾಕ್.

ಬ್ಲಾಕ್ 1905ನೆಯ ಇಸವಿ ಅಕ್ಟೋಬರ್ 23ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರದಲ್ಲಿ ಜನಿಸಿದನು. ಎಂಜಿನಿಯರಾಗಬೇಕೆಂದು ಓದತೊಡಗಿದವನು ವರ್ಷದೊಳಗೆ ಭೌತಶಾಸ್ತ್ರಕ್ಕೆ ಮನಸೋತನು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹೈಸನ್‌ಬರ್ಗನ ಶಿಷ್ಯನಾಗಿ 1928ರಲ್ಲಿ ಡಾಕ್ಟರೇಟ್ ಪಡೆದನು. ಆಗ ಅವನಿಗೆ ಇನ್ನೂ ಇಪ್ಪತ್ತಮೂರು ತುಂಬಿರಲಿಲ್ಲ. ಅಲ್ಲಿಯೇ ನೆಲೆಸಬಹುದಾಗಿದ್ದ ಈ ಯಹೂದಿ ತರುಣನು, 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದೊಡನೆ ಆ ದೇಶವನ್ನು ತೊರೆಯಬೇಕಾಯಿತು. ಮರುವರ್ಷ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಅವನಿಗೆ ಆಶ್ರಯವಿತ್ತಿತು. ಜರ್ಮನಿ ಕಳೆದುಕೊಂಡುದು ಎಷ್ಟೆಂಬುದು ಮುಂದೆ ತಿಳಿಯಿತು.

ಜಲಜನಕದ ಪರಮಾಣು ಬೀಜವು ಒಂದು ಪುಟ್ಟ ಕಾಂತ. ಅದು ಬುಗುರಿಯಂತೆ ತಿರುಗುತ್ತದೆ. ಅದನ್ನು ಬಲವಾದ ಕಾಂತಕ್ಷೇತ್ರದಲ್ಲಿಟ್ಟರೆ, ವಾಲಿದ ಬುಗುರಿಯ ತಲೆ ಸುತ್ತುವಂತೆ ಅದರ ಅಕ್ಷವೂ ಸುತ್ತುತ್ತದೆ. ಕ್ಷೇತ್ರ ಬಲವಾದಷ್ಟೂ ಈ ಸುತ್ತಿನ ವೇಗ ಹೆಚ್ಚು. ಅದೇ ವೇಗದ ರೇಡಿಯೋ ಅಲೆಯನ್ನು ಹಾಯಿಸಿದರೆ ಬೀಜವು ಸ್ಪಂದಿಸಿ ತಾನೂ ಸಂಕೇತ ನೀಡುತ್ತದೆ. 1946ರ ಆರಂಭದಲ್ಲಿ ಬ್ಲಾಕ್, ಹ್ಯಾನ್ಸನ್ ಮತ್ತು ಪ್ಯಾಕಾರ್ಡ್ ನೀರಿನಲ್ಲಿ ಈ ಸಂಕೇತವನ್ನು ಗುರುತಿಸಿದರು. ಅದೇ ಹೊತ್ತಿಗೆ ಹಾರ್ವರ್ಡಿನಲ್ಲಿ ಪರ್ಸೆಲ್ ಮತ್ತು ಅವನ ಸಂಗಡಿಗರು ಮೇಣದಲ್ಲಿ ಇದನ್ನು ಬೇರೆಯಾಗಿಯೇ ಕಂಡಿದ್ದರು. 1952ರ ನೊಬೆಲ್ ಪಾರಿತೋಷಕವನ್ನು ಬ್ಲಾಕ್ ಮತ್ತು ಪರ್ಸೆಲ್ ಹಂಚಿಕೊಂಡರು. ನಮ್ಮ ನಾಡೂ ಈ ವಿದ್ಯೆಯಲ್ಲಿ ಹಿಂದುಳಿದಿರಲಿಲ್ಲ: ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಜಿ. ಸೂರ್ಯನ್ ಹರಿಯುವ ದ್ರವಗಳಲ್ಲಿ ಈ ಸಂಕೇತ ಹೇಗೆ ಬದಲಾಗುತ್ತದೆಂಬುದನ್ನು 1951ರಲ್ಲಿಯೇ ಪ್ರಕಟಿಸಿದ್ದನು.

ಆದರೆ ಒಂದು ತೊಡಕಿತ್ತು. ಕಾಂತದ ಮುಖವನ್ನು ಎಷ್ಟೇ ನಯಗೊಳಿಸಿದರೂ ಅದರ ಕ್ಷೇತ್ರ ಎಲ್ಲೆಡೆಯೂ ಒಂದೇ ಸಮನಾಗಿರುವುದಿಲ್ಲ. ಒಂದೇ ನಳಿಕೆಯ ನೀರಿನ ಬೀಜಗಳು ಬೇರೆ ಬೇರೆ ವೇಗದಲ್ಲಿ ಸುತ್ತಿ, ಶ್ರುತಿ ಸೇರದ ಮೇಳದಂತೆ ಸಂಕೇತವನ್ನು ಕೆಡಿಸುತ್ತವೆ. ಬ್ಲಾಕ್ 1954ರಲ್ಲಿ ಸರಳವಾದ ಉಪಾಯವನ್ನು ಸೂಚಿಸಿದನು: ನಳಿಕೆಯನ್ನೇ ವೇಗವಾಗಿ ಸುತ್ತಿಸುವುದು. ಆಗ ದ್ರವದ ಪ್ರತಿಯೊಂದು ಕಣವೂ ಸುತ್ತಿನಲ್ಲಿ ಬರುವ ಹೆಚ್ಚು ಕಡಿಮೆ ಬಲಗಳೆರಡನ್ನೂ ಅನುಭವಿಸುತ್ತದೆ. ಅದಕ್ಕೆ ದಕ್ಕುವುದು ಅವುಗಳ ಸರಾಸರಿ. ಆಂಡರ್ಸನ್ ಮತ್ತು ಆರ್ನಾಲ್ಡ್ ಆ ವರ್ಷವೇ ಇದನ್ನು ಮಾಡಿ ತೋರಿಸಿದರು. ಕಾಂತದ ಬಳಿ ತಂತಿಯ ಸುರುಳಿಗಳನ್ನಿಟ್ಟು, ಅಳತೆಯರಿತು ವಿದ್ಯುತ್ತನ್ನು ಹರಿಸಿ ಕ್ಷೇತ್ರದ ಡೊಂಕನ್ನು ತಿದ್ದುವ ಕ್ರಮವನ್ನು ಆಂಡರ್ಸನ್ 1961ರಲ್ಲಿ ವಿವರಿಸಿದನು.

1973ರಲ್ಲಿ ಲಾಟರ್‌ಬರ್ ಈ ಸಂಕೇತಗಳಿಂದ ಚಿತ್ರವನ್ನು ರಚಿಸಿದ ಮೇಲೆ ತಿದ್ದುಪಡಿಯ ಬೆಲೆ ಇನ್ನೂ ಹೆಚ್ಚಿತು. ಇಂದಿನ ಎಂಆರ್‌ಐ ಯಂತ್ರವು ಸುತ್ತಿನ ವೇಗವನ್ನು ನೋಡಿಯೇ ಸಂಕೇತ ಬಂದ ಸ್ಥಳವನ್ನು ಊಹಿಸುತ್ತದೆ. ಕ್ಷೇತ್ರ ತಪ್ಪಿದರೆ ಸ್ಥಳವೂ ತಪ್ಪುತ್ತದೆ. ಮಿದುಳಿನ ಗಡ್ಡೆಯೊಂದು ಇದ್ದ ಕಡೆ ಇರದೆ ತುಸು ಪಕ್ಕಕ್ಕೆ ಸರಿದಂತೆ ಕಾಣಬಹುದು. ಆ ಚಿತ್ರವನ್ನು ನಂಬಿ ಕತ್ತಿ ಹಿಡಿಯುವ ವೈದ್ಯನಿಗೆ ಅಷ್ಟು ಅಂತರವೂ ದೊಡ್ಡದೇ. ನಳಿಕೆಯನ್ನು ಸುತ್ತಿಸಿದಂತೆ ರೋಗಿಯನ್ನು ಸುತ್ತಿಸಲಾದೀತೆ? ಆದ ಕಾರಣ ಯಂತ್ರದ ಒಡಲಲ್ಲಿ ಕಬ್ಬಿಣದ ಚೂರುಗಳನ್ನು ಜೋಡಿಸಿಯೂ, ಸುರುಳಿಗಳಲ್ಲಿ ವಿದ್ಯುತ್ತನ್ನು ಹೊಂದಿಸಿಯೂ ಕ್ಷೇತ್ರದ ವ್ಯತ್ಯಾಸವನ್ನು ಹತ್ತು ಲಕ್ಷದಲ್ಲಿ ಕೆಲವೇ ಭಾಗಗಳಿಗೆ ಇಳಿಸುತ್ತಾರೆ. ಅಷ್ಟಕ್ಕೇ ಮುಗಿಯುವುದಿಲ್ಲ. ಒಳಗೆ ಮಲಗಿದವನ ದೇಹವೇ, ಅದರಲ್ಲಿಯೂ ಮೂಗಿನ ಬಳಿಯ ಗಾಳಿಗೂಡುಗಳು, ಕ್ಷೇತ್ರವನ್ನು ಮತ್ತೆ ಡೊಂಕಾಗಿಸುತ್ತವೆ. ಹೀಗಾಗಿ ಒಬ್ಬೊಬ್ಬರಿಗೂ ಹೊಸದಾಗಿ ತಿದ್ದಬೇಕು.

ಬ್ಲಾಕ್ 1954ರಲ್ಲಿ ಜಿನೀವಾದ ಸರ್ನ್ ಸಂಸ್ಥೆಯ ಮೊದಲ ಮಹಾನಿರ್ದೇಶಕನಾದನು. ಆಡಳಿತದ ಕಡತಗಳು ಅವನಿಗೆ ಒಗ್ಗಲಿಲ್ಲ. ಮರುವರ್ಷವೇ ಸ್ಟ್ಯಾನ್‌ಫರ್ಡಿಗೆ ಮರಳಿದನು. ಪರ್ವತಾರೋಹಣ ಮತ್ತು ಪಿಯಾನೋ ಅವನಿಗೆ ಪ್ರಿಯವಾಗಿದ್ದುವು. 1983ರ ಸೆಪ್ಟೆಂಬರ್ 10ರಂದು ಹುಟ್ಟೂರಾದ ಜ್ಯೂರಿಚ್‌ನಲ್ಲಿಯೇ ತೀರಿಕೊಂಡನು. ಆ ವೇಳೆಗೆ ಅವನ ಶೋಧದ ಮೇಲೆ ನಿಂತ ಯಂತ್ರಗಳು ಆಸ್ಪತ್ರೆಗಳಿಗೆ ಕಾಲಿಡತೊಡಗಿದ್ದುವು.