ಮಾನಿಟರ್ ಬಣ್ಣದ ಹಿಂದಿನ ಮ್ಯಾಕ್ಸ್‌ವೆಲ್: ಬುಗುರಿ ತಿರುಗಿಸಿ ಬಣ್ಣ ಅಳೆದ ವಿಜ್ಞಾನಿ

1861ರ ಮೇ 17. ಲಂಡನ್‌ನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮೂರು ಲ್ಯಾಂಟರ್ನ್‌ಗಳು ಒಂದೇ ಪರದೆಯ ಮೇಲೆ ಬೆಳಕು ಚೆಲ್ಲಿದವು. ಒಂದು ಕೆಂಪು, ಒಂದು ಹಸಿರು, ಇನ್ನೊಂದು ನೀಲಿ. ಮೂರು ಚಿತ್ರಗಳೂ ಒಂದರ ಮೇಲೊಂದು ಕೂತಾಗ ಸ್ಕಾಟ್ಲೆಂಡ್‌ನ ಚೌಕಳಿ ರಿಬ್ಬನ್ ಬಣ್ಣಗಳ ಸಮೇತ ಮೂಡಿತು. ಮೂರು ಬಣ್ಣ ಬೆರೆಸಿ ತೋರಿಸಿದ ಮೊದಲ ಬಣ್ಣದ ಛಾಯಾಚಿತ್ರ ಅದು. ತೋರಿಸಿದವರು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್, ಆಗ ವಯಸ್ಸು 29. ಫೋಟೊ ತೆಗೆದವರು ಥಾಮಸ್ ಸಟನ್.

ವಿದ್ಯುತ್ಕಾಂತೀಯ ಸಮೀಕರಣಗಳಿಂದ ಹೆಸರಾದ ಮ್ಯಾಕ್ಸ್‌ವೆಲ್, ಬಣ್ಣದ ಬಗ್ಗೆ ಮಾಡಿದ ಕೆಲಸ ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಆದರೆ ಫೋಟೊ ಎಡಿಟಿಂಗ್‌ಗೆ ಕೂರುವ ಮೊದಲು ಮಾನಿಟರ್ ಕ್ಯಾಲಿಬ್ರೇಟ್ ಮಾಡುವವರು ಬಳಸುವುದು ಅವರು ಹಾಕಿಕೊಟ್ಟ ಲೆಕ್ಕವನ್ನೇ.

ಹುಟ್ಟಿದ್ದು 1831ರ ಜೂನ್ 13ರಂದು, ಎಡಿನ್‌ಬರೋದಲ್ಲಿ. ಎಂಟನೇ ವಯಸ್ಸಿಗೆ ತಾಯಿಯನ್ನು ಕ್ಯಾನ್ಸರ್ ಕಸಿದುಕೊಂಡಿತು. ಹಳ್ಳಿಯಿಂದ ಬಂದ ಹುಡುಗನ ಉಡುಪು, ಮಾತು ನೋಡಿ ಶಾಲೆಯಲ್ಲಿ ಪೆದ್ದ ಎಂಬ ಅಡ್ಡಹೆಸರಿಟ್ಟರು. ಅದೇ ಹುಡುಗ 14ರಲ್ಲಿ ಅಂಡಾಕಾರದ ವಕ್ರರೇಖೆಗಳ ಮೇಲೆ ಪ್ರಬಂಧ ಬರೆದ. ಎಡಿನ್‌ಬರೋದ ರಾಯಲ್ ಸೊಸೈಟಿಯಲ್ಲಿ ಅದನ್ನು ಪ್ರೊಫೆಸರ್ ಜೇಮ್ಸ್ ಫೋರ್ಬ್ಸ್ ಓದಿದರು.

ಬಣ್ಣದ ಹುಚ್ಚು ಹತ್ತಿಸಿದ್ದೂ ಫೋರ್ಬ್ಸ್ ಅವರೇ. ಕಣ್ಣಿಗೆ ಮೂರು ಬಗೆಯ ಸಂವೇದನೆ ಸಾಕು ಎಂದು ಥಾಮಸ್ ಯಂಗ್ ಮೊದಲೇ ಊಹಿಸಿದ್ದರು. ಅದನ್ನು ಅಳತೆಗೆ ತಂದಿದ್ದು ಮ್ಯಾಕ್ಸ್‌ವೆಲ್. ಸಾಧನ ಒಂದು ಬುಗುರಿ, ಅಷ್ಟೇ! ಅದರ ತಟ್ಟೆಯ ಹೊರಸುತ್ತಿನಲ್ಲಿ ಕೆಂಪು, ಹಸಿರು, ನೀಲಿ ಕಾಗದ. ಒಳಸುತ್ತಿನಲ್ಲಿ ಕಪ್ಪು, ಬಿಳಿ. ಜೋರಾಗಿ ತಿರುಗಿಸಿದಾಗ ಒಳಗೂ ಹೊರಗೂ ಒಂದೇ ಬೂದು ಬಣ್ಣ ಕಾಣುವವರೆಗೆ ಕಾಗದಗಳನ್ನು ಸರಿಸುವುದು, ಆಮೇಲೆ ಅಂಚಿನ 100 ಗೆರೆಗಳಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂದು ಓದುವುದು. ಹೀಗೆ ಸಿಕ್ಕ ಅಂಕಿಗಳನ್ನು ತ್ರಿಕೋನವೊಂದರಲ್ಲಿ ಗುರುತಿಸಿದರು. 1855ರ ಪ್ರಬಂಧದಲ್ಲಿ ಬಣ್ಣಗುರುಡು ಇರುವವರ ಅಳತೆಗಳನ್ನೂ ಸೇರಿಸಿದರು.

1858ರಲ್ಲಿ ಕ್ಯಾಥರೀನ್ ಡೆವರ್ ಅವರೊಂದಿಗೆ ಮದುವೆಯಾಯಿತು. ಕ್ಯಾಥರೀನ್ ಪ್ರಯೋಗಕ್ಕೂ ಜೊತೆಯಾದರು. ಕಾಗದದ ಬದಲು ಪ್ರಿಸಂನಿಂದ ಬಂದ ಶುದ್ಧ ಬಣ್ಣಗಳನ್ನು ಪೆಟ್ಟಿಗೆಯೊಳಗೆ ಬೆರೆಸಿ, ಬಿಳಿ ಬೆಳಕಿಗೆ ಹೊಂದಿಸಿ ನೋಡುವ ಕೆಲಸ ಅದು. 1860ರ ಪ್ರಬಂಧದಲ್ಲಿ ಒಬ್ಬ ವೀಕ್ಷಕರ ಗುರುತು ಜೆ, ಇನ್ನೊಬ್ಬರದು ಕೆ. ಆ ಕೆ ಕ್ಯಾಥರೀನ್. ಒಂದೇ ಬೆಳಕನ್ನು ನೋಡಿದರೂ ಗಂಡ–ಹೆಂಡತಿಯ ಅಂಕಿಗಳು ಪೂರ್ತಿ ಹೊಂದಲಿಲ್ಲ. ಮ್ಯಾಕ್ಸ್‌ವೆಲ್ ಆ ವ್ಯತ್ಯಾಸವನ್ನು ಮುಚ್ಚಿಡದೆ ಅಚ್ಚು ಹಾಕಿದರು. ಮುಂದೆ ಲಂಡನ್ ಮನೆಯಲ್ಲಿ ಸುಮಾರು 8 ಅಡಿ ಉದ್ದದ ಪೆಟ್ಟಿಗೆಯೊಳಗೆ ಇಣುಕುತ್ತಿದ್ದ ಅವರನ್ನು ಕಂಡ ನೆರೆಯವರು, ಈ ಮನುಷ್ಯ ಶವಪೆಟ್ಟಿಗೆ ನೋಡುತ್ತಾ ಕೂರುತ್ತಾನಲ್ಲ ಎಂದುಕೊಂಡರಂತೆ.

ಇನ್ನು ಆ ರಿಬ್ಬನ್ ವಿಚಾರ. ನ್ಯಾಯವಾಗಿ ಅದು ವಿಫಲವಾಗಬೇಕಿತ್ತು. ಅಂದಿನ ಫೋಟೊ ಪ್ಲೇಟ್‌ಗಳಿಗೆ ಕೆಂಪು ಬೆಳಕು ಹತ್ತುತ್ತಲೇ ಇರಲಿಲ್ಲ, ಹಸಿರೂ ಅಷ್ಟಕ್ಕಷ್ಟೆ. ಹಾಗಾದರೆ ಕೆಂಪು ಮೂಡಿದ್ದು ಹೇಗೆ? ಉತ್ತರ ಸಿಕ್ಕಿದ್ದು ಸರಿಯಾಗಿ 100 ವರ್ಷಗಳ ನಂತರ, 1961ರಲ್ಲಿ. ಕೊಡಾಕ್‌ನ ರಾಲ್ಫ್ ಇವಾನ್ಸ್ ಪ್ರಯೋಗವನ್ನು ಮತ್ತೆ ಪರಿಶೀಲಿಸಿದರು. ರಿಬ್ಬನ್‌ನ ಕೆಂಪು ಬಣ್ಣ ಅತಿನೇರಳೆ ಕಿರಣಗಳನ್ನೂ ಪ್ರತಿಫಲಿಸುತ್ತಿತ್ತು, ಕೆಂಪು ಫಿಲ್ಟರ್ ಅವನ್ನು ಒಳಗೆ ಬಿಡುತ್ತಿತ್ತು. ಪ್ಲೇಟ್ ಕಂಡಿದ್ದು ಕಣ್ಣಿಗೆ ಕಾಣದ ಬೆಳಕನ್ನು. ಸಿದ್ಧಾಂತ ಸರಿ, ಆದರೆ ಅಂದಿನ ಗೆಲುವು ಅದೃಷ್ಟದ್ದು. ಕೆಂಪು, ಹಸಿರು ಚಿತ್ರಗಳು ನೀಲಿಯಷ್ಟು ಚೆನ್ನಾಗಿ ಬಂದಿಲ್ಲ ಎಂದು ಮ್ಯಾಕ್ಸ್‌ವೆಲ್ ಅಂದೇ ಒಪ್ಪಿಕೊಂಡಿದ್ದರು.

ಕಣ್ಣು ಕಾಣುವುದು ಒಂದು, ಯಂತ್ರ ಹಿಡಿಯುವುದು ಇನ್ನೊಂದು. ಕಲರ್ ಪ್ರೊಫೈಲ್ ಹುಟ್ಟಿದ್ದು ಇದೇ ತಲೆನೋವಿಗೆ. ಮ್ಯಾಕ್ಸ್‌ವೆಲ್ ದಂಪತಿಯ ಹಾದಿಯಲ್ಲೇ 1920ರ ದಶಕದಲ್ಲಿ ರೈಟ್ ಮತ್ತು ಗಿಲ್ಡ್ ಒಟ್ಟು 17 ಜನರ ಕಣ್ಣುಗಳ ಅಳತೆ ತೆಗೆದರು. ಅದರಿಂದ 1931ರಲ್ಲಿ ಸಿಐಇ ಮಾನದಂಡ ಬಂತು. ಪರದೆಗೆ ತೂಗುಹಾಕುವ ಕ್ಯಾಲಿಬ್ರೇಟರ್ ಇಂದಿಗೂ ಅದೇ ಮಾನದಂಡದಲ್ಲಿ ಮಾನಿಟರ್‌ನ ಕೆಂಪು, ಹಸಿರು, ನೀಲಿ ಎಲ್ಲಿ ಬೀಳುತ್ತವೆ ಎಂದು ಅಳೆಯುತ್ತದೆ. ಆ ಮೂರು ಬಿಂದು ಸೇರಿಸಿದರೆ ಸಿಗುವ ತ್ರಿಕೋನವೇ ಆ ಪರದೆ ತೋರಿಸಬಲ್ಲ ಬಣ್ಣಗಳ ಗಡಿ. ಪ್ರೊಫೈಲ್ ಫೈಲ್‌ನಲ್ಲಿ ದಾಖಲಾಗುವ ಮುಖ್ಯ ಮಾಹಿತಿಯೂ ಅದೇ.

1871ರಲ್ಲಿ ಮ್ಯಾಕ್ಸ್‌ವೆಲ್ ಕೇಂಬ್ರಿಡ್ಜ್‌ನ ಮೊದಲ ಕ್ಯಾವೆಂಡಿಶ್ ಪ್ರೊಫೆಸರ್ ಆದರು. 1879ರ ನವೆಂಬರ್ 5ರಂದು, 48ನೇ ವಯಸ್ಸಿನಲ್ಲಿ, ತಾಯಿಯನ್ನು ಕೊಂಡೊಯ್ದ ಕ್ಯಾನ್ಸರ್‌ನಿಂದಲೇ ತೀರಿಕೊಂಡರು. ಸ್ಕಾಟ್ಲೆಂಡ್‌ನ ಪಾರ್ಟನ್ ಹಳ್ಳಿಯ ಚರ್ಚ್ ಆವರಣದಲ್ಲಿ ಅವರ ಸಮಾಧಿ ಇದೆ. ಕ್ಯಾಥರೀನ್ ಕೂಡ ಅಲ್ಲೇ ಇದ್ದಾರೆ.