ಕೃಶಕಾಯದ ತತ್ತ್ವಜ್ಞಾನಿ

ಮುಧೋಳದವರು ರನ್ನನ ಹೆಸರು ಹೇಳಿ ಎದೆಯುಬ್ಬಿಸಿದರೆ ಜಮಖಂಡಿಯವರಾದ ನಾವು ಗುರುದೇವ ರಾನಡೆಯವರ ಹೆಸರು ಹೇಳುತ್ತೇವೆ. ಅವರ ಪಾಂಡಿತ್ಯ, ಸಾಧನೆಗಳನ್ನು ಕುರಿತು ಭಾಷಣಗಳು ಆಗಿವೆ, ಆಗುತ್ತಲೂ ಇವೆ. ಆದರೆ ಅಷ್ಟೆಲ್ಲವನ್ನು ಹೊತ್ತು ನಡೆದ ಶರೀರ ಎಂತಹುದಾಗಿತ್ತೆಂದು ವಿಚಾರಿಸುವವರು ಕಡಿಮೆ. ಈ ಲೇಖನದಲ್ಲಿ ಮುಖ್ಯವಾಗಿ ಆ ಸಂಗತಿಯನ್ನೇ ಹೇಳಬೇಕೆಂದಿದ್ದೇನೆ.

ರಾಮಚಂದ್ರ ದತ್ತಾತ್ರೇಯ ರಾನಡೆಯವರು 1886ನೆಯ ಇಸವಿ ಜುಲೈ 3ರಂದು ಜಮಖಂಡಿಯಲ್ಲಿ ಜನಿಸಿದರು. ಆಗ ಇದು ಪಟವರ್ಧನ ಮನೆತನದವರ ಸಂಸ್ಥಾನ. ಇಲ್ಲಿಯ ಪರಶುರಾಮಭಾವೂ ಹಾಯಸ್ಕೂಲಿನಲ್ಲಿ ಓದಿ, 1902ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಮ್ಯಾಟ್ರಿಕ್ ಪರೀಕ್ಷೆಯಲ್ಲಿ ಎರಡನೆಯವರಾಗಿ ತೇರ್ಗಡೆಯಾದರು. ಸಂಸ್ಕೃತದ ಜಗನ್ನಾಥ ಶಂಕರಶೇಟ ವಿದ್ಯಾರ್ಥಿವೇತನವೂ ಅವರಿಗೇ ದೊರೆಯಿತು. ಅದಕ್ಕೆ ಒಂದು ವರ್ಷ ಮೊದಲೇ ಉಮದಿಯ ಭಾವೂಸಾಹೇಬ ಮಹಾರಾಜರಿಂದ ನಾಮೋಪದೇಶವಾಗಿತ್ತು. ಹದಿನೈದರ ಹುಡುಗನಿಗೆ ಆಗ ಅದರ ಬೆಲೆ ಎಷ್ಟು ತಿಳಿದಿತ್ತೋ!

ಮುಂದೆ ಪುಣೆಯ ಡೆಕ್ಕನ್ ಕಾಲೇಜು. 1907ರಲ್ಲಿ ಬಿ.ಎ. ಪದವಿ. ಎಂ.ಎ. ಪದವಿ ದೊರೆತದ್ದು 1914ರಲ್ಲಿ. ನಮ್ಮಲ್ಲಿ ಎರಡು ವರ್ಷಕ್ಕೆ ಮುಗಿಸುವ ಓದಿಗೆ ಇಂತಹ ಬುದ್ಧಿವಂತನಿಗೆ ಏಳು ವರ್ಷ ಏಕೆ ಬೇಕಾಯಿತು? ಪದವಿಪತ್ರ ಇದಕ್ಕೆ ಉತ್ತರ ಹೇಳುವುದಿಲ್ಲ. ಉತ್ತರವಿರುವುದು ಹಾಸಿಗೆಯಲ್ಲಿ.

1909ರ ಸುಮಾರಿಗೆ ಅವರಿಗೆ ಕಠಿಣವಾದ ಬೇನೆಯೊಂದು ಬಂದಿತು. ಅವರ ಜೀವನವನ್ನು ಬರೆದವರು ಅದನ್ನು ಮೆದುಳಿನ ಕ್ಷಯವೆಂದು ಕರೆದಿದ್ದಾರೆ. ಆಗಿನ ವೈದ್ಯನ ಸ್ಥಿತಿಯನ್ನು ನಾವು ಸ್ವಲ್ಪ ಊಹಿಸಿಕೊಳ್ಳಬೇಕು. ಕ್ಷಯದ ಕ್ರಿಮಿಯನ್ನು ಕೋಖ್ ಎಂಬ ಪಂಡಿತ 1882ರಲ್ಲಿಯೇ ಕಂಡುಹಿಡಿದಿದ್ದ. ಆದರೆ ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಎಂಬ ಮದ್ದು ದೊರೆತದ್ದು 1943ರಲ್ಲಿ. ಕ್ಷಕಿರಣ ಬಂದಿತ್ತು, ಅದು ಎಲುಬನ್ನು ತೋರಿಸುತ್ತಿತ್ತೇ ಹೊರತು ಎಲುಬಿನೊಳಗಿನ ಮೆದುಳನ್ನಲ್ಲ. ಇಂದು ಸಾಮಾನ್ಯವಾಗಿರುವ ಸಿ.ಟಿ. ಸ್ಕ್ಯಾನಿಂಗ್ ರೋಗಿಯ ತಲೆಯನ್ನು ಮೊದಲ ಬಾರಿ ಚಿತ್ರಿಸಿದ್ದು 1971ರಲ್ಲಿ. ಆದುದರಿಂದ ತಲೆಯೊಳಗಿನ ರೋಗಕ್ಕೆ ಅಂದು ಹೆಸರಿಡುವುದೆಂದರೆ ಮುಚ್ಚಿದ ಬಾಗಿಲಿನ ಹೊರಗೆ ನಿಂತು ಒಳಗಿನ ಮಾತನ್ನು ಊಹಿಸಿದಂತೆ.

ಇಲ್ಲಿ ನನಗೊಂದು ಸಂದೇಹ. ಔಷಧವಿಲ್ಲದ ಆ ಕಾಲದಲ್ಲಿ ಮೆದುಳಿನ ಪೊರೆಗೆ ಕ್ಷಯ ತಗುಲಿದವರು ಕೆಲವೇ ವಾರಗಳಲ್ಲಿ ತೀರಿಹೋಗುತ್ತಿದ್ದರು. ರಾನಡೆಯವರು ಆ ಮೇಲೆ ನಲವತ್ತೆಂಟು ವರ್ಷ ಬಾಳಿದರು. ಕ್ಷಯದ ಗಂಟು ಮೆದುಳಿನಲ್ಲಿ ಕಟ್ಟಿ, ತಾನಾಗಿಯೇ ಗಟ್ಟಿಯಾಗಿ ನಿಂತುಬಿಡುವುದೂ ಉಂಟಂತೆ. ಅಥವಾ ರೋಗವೇ ಬೇರೆಯಾಗಿದ್ದೀತು. ಭಕ್ತರು ನಾಮಸ್ಮರಣೆಯಿಂದ ಬದುಕಿದರೆನ್ನುತ್ತಾರೆ. ಯಾವುದೇ ಇರಲಿ, ರೋಗಿಯ ಪಾಲಿಗೆ ಹೆಸರಿಗಿಂತ ಬೇನೆ ದೊಡ್ಡದು. ಬೇನೆಯೇನೋ ಇದೆ, ಅದರ ಬೇರು ಯಾರಿಗೂ ಕಾಣದು; ಆ ಸ್ಥಿತಿಯಲ್ಲಿ ಇಪ್ಪತ್ತಮೂರರ ತರುಣ ಕಲಿತದ್ದನ್ನೆಲ್ಲ ಬದಿಗಿಟ್ಟು ಮಲಗಬೇಕಾಯಿತು. ಹುಡುಗತನದಲ್ಲಿ ಪಡೆದ ನಾಮವನ್ನು ಅವರು ನಿಜವಾಗಿ ಹಿಡಿದದ್ದು ಈ ಹಾಸಿಗೆಯ ಮೇಲೆಯೇ ಎಂದು ನನಗನಿಸುತ್ತದೆ.

ಎಂ.ಎ. ಆದ ವರ್ಷವೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸತೊಡಗಿದರು. ಅದೇ ವರ್ಷ ಗುರುಗಳು ಇಂಚಗೇರಿಯಲ್ಲಿ ದೇಹವಿಟ್ಟರು. ಹತ್ತು ವರ್ಷ ದುಡಿಯುವಷ್ಟರಲ್ಲಿ ಶರೀರ ಮತ್ತೆ ಸೋತಿತು. 1924ರಲ್ಲಿ ಕಾಲೇಜನ್ನು ಬಿಟ್ಟರು. ಸೊಲ್ಲಾಪುರ-ವಿಜಯಪುರ ರೈಲುಮಾರ್ಗದ ಬದಿಯ ನಿಂಬಾಳ ಅವರ ವಾಸಸ್ಥಾನವಾಯಿತು. ಸುತ್ತಲೂ ಬಯಲು, ಒಣಗಾಳಿ. ಆಹಾರ ಅತ್ಯಲ್ಪ, ಚಹ ಮಾತ್ರ ಬೇಕು.

ಹೀಗೆ ನೌಕರಿ ಬಿಟ್ಟು ಕುಳಿತವರು ಬರೆದದ್ದೇನು ನೋಡಿರಿ! 1926ರಲ್ಲಿ ಉಪನಿಷತ್ತುಗಳ ತತ್ತ್ವವನ್ನು ಕುರಿತ ಅವರ ಇಂಗ್ಲಿಷ್ ಮಹಾಗ್ರಂಥ ಹೊರಬಿದ್ದಿತು. ಅದನ್ನು ಓದಿದವರ ಕಣ್ಣಿಗೆ ರೋಗಿಯ ಕೈ ಎಲ್ಲಿಯೂ ಕಾಣಿಸದು. ಅದರ ಬೆನ್ನಲ್ಲೇ ಅಲಹಾಬಾದ ವಿಶ್ವವಿದ್ಯಾಲಯದ ಕರೆ ಬಂತು. ಅಲ್ಲಿ ತತ್ತ್ವಶಾಸ್ತ್ರದ ಮುಖ್ಯಸ್ಥರಾಗಿ, ಕೆಲಕಾಲ ಉಪಕುಲಪತಿಗಳೂ ಆಗಿ, 1946ರಲ್ಲಿ ನಿವೃತ್ತರಾದರು. ರಜೆ ಬಂದರೆ ನಿಂಬಾಳಕ್ಕೆ ಓಡಿ ಬರುವರು.

ಕುಹಕಿಯೊಬ್ಬ ಕೇಳಬಹುದು: ಮೆದುಳಿಗೆ ಬೇನೆ ಬಂದವನು ಕಂಡ ಬೆಳಕು, ಕೇಳಿದ ನಾದ ಅನುಭಾವವೋ, ರೋಗದ ಚೇಷ್ಟೆಯೋ? ಈ ಪ್ರಶ್ನೆಯನ್ನು ರಾನಡೆಯವರು ತಪ್ಪಿಸಿಕೊಳ್ಳಲಿಲ್ಲ. ಮಹಾರಾಷ್ಟ್ರದ ಸಂತರನ್ನು ಕುರಿತ 1933ರ ಗ್ರಂಥದ ಮುನ್ನುಡಿಯಲ್ಲಿ ಅನುಭಾವದ ನಿಜತ್ವಕ್ಕೆ ಅವರು ಒರೆಗಲ್ಲುಗಳನ್ನಿಟ್ಟರು. ಅನುಭಾವಿಯ ಬುದ್ಧಿ ತಿಳಿಯಾಗಿರಬೇಕು. ನಡತೆ ಶುದ್ಧವಾಗುತ್ತ ಹೋಗಬೇಕು. ಬೇರೆ ಬೇರೆ ದೇಶಕಾಲಗಳ ಸಂತರ ಅನುಭವದೊಡನೆ ಅದು ತಾಳೆಯಾಗಬೇಕು. ಕೇವಲ ಭ್ರಮೆಗೊಂಡವನು ಇಷ್ಟು ಕಟ್ಟುನಿಟ್ಟಾದ ಅಳತೆಗೋಲನ್ನು ತಾನೇ ಎತ್ತಿಹಿಡಿಯಲಾರ. ನಮ್ಮ ತತ್ತ್ವಶಾಸ್ತ್ರದ ವಿದ್ಯಾರ್ಥಿಗಳು ಆ ಮುನ್ನುಡಿಯನ್ನಾದರೂ ಓದಬೇಕು. ಗ್ರಂಥ ಉದ್ದವಾದುದು, ಅದಕ್ಕೆ ನಾನು ಒತ್ತಾಯಿಸಲಾರೆ.

ನಿವೃತ್ತಿಯ ನಂತರವೂ ವಿಶ್ರಾಂತಿ ಕಡಿಮೆ. ಹಿಂದಿ ಸಂತರ ಮೇಲಿನ ಗ್ರಂಥ 1954ರಲ್ಲಿ ಬಂದಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕಾಗಿ ಕನ್ನಡದ ಶರಣರನ್ನೂ ದಾಸರನ್ನೂ ಕುರಿತು ಉಪನ್ಯಾಸಗಳನ್ನು ಕೊಟ್ಟರು. ಮನೆಮಾತು ಮರಾಠಿ, ಬರೆದದ್ದು ಇಂಗ್ಲಿಷ್, ಕಲಿಸಿದ್ದು ಗಂಗೆಯ ದಂಡೆಯಲ್ಲಿ; ಆದರೂ ಕೊನೆಗೆ ಕಿವಿಗೊಟ್ಟದ್ದು ಹುಟ್ಟಿದ ಸೀಮೆಯ ಹಾಡಿಗೆ. 1957ರ ಜೂನ್ 6ರಂದು ನಿಂಬಾಳದಲ್ಲಿ ಅವರು ತೀರಿಕೊಂಡಾಗ ಎಪ್ಪತ್ತೊಂದು ತುಂಬಲು ಇನ್ನೊಂದು ತಿಂಗಳೂ ಉಳಿದಿರಲಿಲ್ಲ. ಕನ್ನಡ ಸಂತರ ಆ ಪುಸ್ತಕ ಅಚ್ಚಾಗಿ ಹೊರಬಂದದ್ದು 1960ರಲ್ಲಿ.