ಬೆನ್ನ ಮೇಲೆ ಹೊತ್ತು ಹೋದ ಭಿಕ್ಷು




*ಇಂದಿನ ಚಿಂತನೆ*

ಕಳೆದ ವಾರದ ಅಧ್ಯಯನದಲ್ಲಿ ಮಹಾವಗ್ಗದ ಒಂದು ಪ್ರಸಂಗ ಓದಿದೆವು. ಅತಿಸಾರದಿಂದ ನರಳುತ್ತಾ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಷುವನ್ನು ಭಗವಾನ್ ಬುದ್ಧರು ಆನಂದರ ಜೊತೆ ಸೇರಿ ತೊಳೆದು, ಎತ್ತಿ ಮಂಚದ ಮೇಲೆ ಮಲಗಿಸಿದ ಪ್ರಸಂಗ. ಅಂದು ಕಣ್ಣು ಒದ್ದೆಯಾದವರಲ್ಲಿ ನಾನೂ ಒಬ್ಬ. ಇದನ್ನೇ ಬದುಕಿನ ಕೆಲಸ ಮಾಡಿಕೊಂಡವರು ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತಾ ಹೋದಾಗ ಜಪಾನಿನ ಭಿಕ್ಷು ನಿನ್ಶೋ ಸಿಕ್ಕಿದರು. ಅವರ ದೇಶದಲ್ಲಿ ಬಹಳ ದೊಡ್ಡ ಹೆಸರು. ನಮ್ಮ ಕಡೆ ಕೇಳಿದವರು ಕಡಿಮೆ.

ನಿನ್ಶೋ ಹುಟ್ಟಿದ್ದು 1217ರಲ್ಲಿ, ನಾರಾ ನಗರ ಇರುವ ಯಾಮಾತೊ ಪ್ರಾಂತ್ಯದಲ್ಲಿ. ಹದಿಹರೆಯದಲ್ಲೇ ತಾಯಿ ತೀರಿಕೊಂಡರು. ಮಗ ಭಿಕ್ಷುವಾಗಲಿ ಎಂಬುದು ತಾಯಿಯ ಆಸೆಯಾಗಿತ್ತು. ಚಿಕ್ಕಂದಿನಿಂದಲೂ ಅವರಿಗೆ ಬೋಧಿಸತ್ವ ಮಂಜುಶ್ರೀಯ ಮೇಲೆ ಭಕ್ತಿ. ಮಂಜುಶ್ರೀ ಭಿಕ್ಷುಕನಾಗಿ, ಅನಾಥನಾಗಿ, ದಿಕ್ಕಿಲ್ಲದವನಾಗಿ ನಮ್ಮ ಎದುರು ಬಂದು ನಿಲ್ಲುತ್ತಾನೆ ಎಂಬ ನಂಬಿಕೆ ಆ ಪರಂಪರೆಯಲ್ಲಿದೆ. ತಾಯಿಯ ನೆನಪಿಗಾಗಿ ನಿನ್ಶೋ ಮಂಜುಶ್ರೀಯ ಚಿತ್ರಗಳನ್ನು ಮಾಡಿಸಿ, ಊರ ಹೊರಗೆ ತಳ್ಳಲ್ಪಟ್ಟವರು ವಾಸಿಸುತ್ತಿದ್ದ ಕೇರಿಗಳಲ್ಲಿ ಇರಿಸಿದರು. 1240ರಲ್ಲಿ ಸೈದೈಜಿ ವಿಹಾರದ ಗುರು ಏಸೋನ್ ಅವರ ಶಿಷ್ಯರಾದರು.

ನಾರಾದ ಉತ್ತರಕ್ಕೆ ನಾರಾಜಾಕಾ ಎಂಬ ಏರುದಾರಿ. ಅಲ್ಲಿ ಕುಷ್ಠರೋಗಿಯೊಬ್ಬ ಇದ್ದ. ಕೈಕಾಲು ಸೊಟ್ಟಗಾಗಿದ್ದರಿಂದ ಪೇಟೆಗೆ ಹೋಗಿ ಭಿಕ್ಷೆ ಬೇಡಲೂ ಆಗದೆ ದಿನಗಟ್ಟಲೆ ಹಸಿದು ಮಲಗುತ್ತಿದ್ದ. ನಿನ್ಶೋ ಬೆಳಗಿನ ಜಾವ ವಿಹಾರದಿಂದ ಅಲ್ಲಿಗೆ ನಡೆದು ಹೋಗುತ್ತಿದ್ದರು. ಅವನನ್ನು ಬೆನ್ನ ಮೇಲೆ ಹೊತ್ತು ಪೇಟೆಗೆ ತಂದು ಕೂರಿಸುತ್ತಿದ್ದರು. ಸಂಜೆ ಮತ್ತೆ ಹೊತ್ತು ಗುಡಿಸಲಿಗೆ ಬಿಡುತ್ತಿದ್ದರು. ಮಳೆ, ಗಾಳಿ, ಚಳಿ, ಬಿಸಿಲು ಯಾವುದನ್ನೂ ಲೆಕ್ಕಿಸದೆ ಹಲವು ವರ್ಷ ಹೀಗೆ ನಡೆಯಿತು. ಸಾಯುವ ಹೊತ್ತಿನಲ್ಲಿ ಆ ರೋಗಿ, ಮತ್ತೆ ಹುಟ್ಟಿ ಬಂದು ನಿಮ್ಮ ಸೇವೆ ಮಾಡುತ್ತೇನೆ, ಗುರುತಿಗೆ ಮುಖದ ಮೇಲೆ ಒಂದು ಮಚ್ಚೆ ಇರುತ್ತದೆ ಎಂದನಂತೆ. ಮುಂದೆ ನಿನ್ಶೋ ಅವರ ಶಿಷ್ಯರಲ್ಲಿ ಮುಖದ ಮೇಲೆ ಮಚ್ಚೆಯಿದ್ದ ಒಬ್ಬ ಬಂದು ಶ್ರದ್ಧೆಯಿಂದ ಸೇವೆ ಮಾಡಿದ, ಜನ ಅವನೇ ಇವನು ಎಂದರು ಎಂದು ಹಳೆಯ ಚರಿತ್ರೆ ಹೇಳುತ್ತದೆ.

ಆ ಕಾಲದಲ್ಲಿ ಕುಷ್ಠ ಎಂದರೆ ಹಿಂದಿನ ಪಾಪದ ಫಲ ಎಂದು ಬೌದ್ಧರೂ ನಂಬಿದ್ದರು. ನಿನ್ಶೋ ಬೆಳೆದದ್ದೂ ಅದೇ ನಂಬಿಕೆಯ ನಡುವೆ. ಆದರೆ ಹೊತ್ತುಕೊಳ್ಳುವ ಮೊದಲು ಅವರು ಆ ರೋಗಿಯ ಕರ್ಮದ ಲೆಕ್ಕ ಕೇಳಲಿಲ್ಲ.

ಒಬ್ಬನನ್ನು ಹೊರುವುದರಲ್ಲೇ ಅವರು ನಿಲ್ಲಲಿಲ್ಲ. ಕುಷ್ಠರೋಗಿಗಳಿಗಾಗಿ ನಾರಾದಲ್ಲಿ ಹದಿನೆಂಟು ಅಂಕಣದ ಒಂದು ಆಶ್ರಯಮನೆ ಕಟ್ಟಿಸಿದರು. 17ನೇ ಶತಮಾನದಲ್ಲಿ ಮತ್ತೆ ಕಟ್ಟಿದ ಅದರ ರೂಪ ಇಂದಿಗೂ ಅಲ್ಲಿದೆ. 1252ರಲ್ಲಿ ಪೂರ್ವ ಜಪಾನಿಗೆ ಹೊರಟರು. 1267ರಲ್ಲಿ, ಆಗಿನ ಆಡಳಿತ ಕೇಂದ್ರವಾಗಿದ್ದ ಕಾಮಾಕುರಾದಲ್ಲಿ ಗೊಕುರಾಕುಜಿ ವಿಹಾರದ ಮುಖ್ಯಸ್ಥರಾದರು. ವಿಹಾರದ ಆವರಣದಲ್ಲೇ ಆಸ್ಪತ್ರೆ, ಔಷಧಶಾಲೆ, ಕುಷ್ಠರೋಗಿಗಳ ವಸತಿ ಎದ್ದವು. ಔಷಧಿ ಅರೆಯಲು ಬಳಸುತ್ತಿದ್ದರು ಎನ್ನಲಾದ ಕಲ್ಲಿನ ಪಾತ್ರೆಯನ್ನು ಇಂದಿಗೂ ಅಲ್ಲಿ ನೋಡಬಹುದು.

1287ರಲ್ಲಿ ಕಾಮಾಕುರಾದ ಕುವಾಗಾಯಾತ್ಸು ಎಂಬಲ್ಲಿ ಮತ್ತೊಂದು ಆಸ್ಪತ್ರೆ ಆಯಿತು. ಅಲ್ಲಿನ ಇಪ್ಪತ್ತು ವರ್ಷಗಳ ಲೆಕ್ಕವನ್ನು ಹಳೆಯ ದಾಖಲೆ ಹೀಗೆ ಕೊಡುತ್ತದೆ: ಗುಣವಾದವರು 46,800. ತೀರಿಕೊಂಡವರು 10,450. ನಾನು ಬಹಳ ಹೊತ್ತು ಈ ಎರಡನೇ ಸಂಖ್ಯೆಯನ್ನೇ ನೋಡುತ್ತಾ ಕುಳಿತೆ. ಗುಣವಾದವರನ್ನು ಎಲ್ಲರೂ ಎಣಿಸುತ್ತಾರೆ. ಇಲ್ಲಿ ಕೈ ತಪ್ಪಿ ಹೋದವರನ್ನೂ ಎಣಿಸಿ ಇಟ್ಟಿದ್ದಾರೆ. 1298ರಲ್ಲಿ ಕುದುರೆಗಳಿಗೂ ಒಂದು ಚಿಕಿತ್ಸಾಲಯ ಮಾಡಿದರು. ಇದಲ್ಲದೆ 189 ಸೇತುವೆ, 71 ರಸ್ತೆ, 33 ಬಾವಿ ಅವರ ಹೆಸರಿನಲ್ಲಿವೆ.

ಅವರನ್ನು ಎಲ್ಲರೂ ಹೊಗಳಿದರು ಎಂದೇನಲ್ಲ. ಕರುಣೆ ಅತಿಯಾಯಿತು ಎಂದು ಗುರು ಏಸೋನ್ ಅವರಿಗೇ ಅನಿಸಿತ್ತು. ಅದೇ ಕಾಲದ ನಿಚಿರೆನ್ ಅವರನ್ನು ಕಟುವಾಗಿ ಟೀಕಿಸಿದರು. ಅಧಿಕಾರದಲ್ಲಿದ್ದ ಹೋಜೋ ಮನೆತನದ ಆಸರೆ ನಿನ್ಶೋಗೆ ಇತ್ತು. ಬಂದರಿನಲ್ಲಿ ಸುಂಕ ಎತ್ತಿ ಆ ದುಡ್ಡಿನಲ್ಲಿ ರಸ್ತೆ ಮಾಡಿಸುತ್ತಿದ್ದರು, ಸುಂಕ ಕೊಡುವ ಜನಕ್ಕೆ ಅದು ಹೊರೆ ಎಂಬುದು ಆಕ್ಷೇಪ. ಆ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸಾವಿರಾರು ರೋಗಿಗಳಿಗೆ ದಿನವೂ ಗಂಜಿ, ಔಷಧಿ ಒದಗಿಸಲು ದುಡ್ಡು ಎಲ್ಲಿಂದಲೋ ಬರಲೇಬೇಕು. ಅದನ್ನು ತರಲು ಹೋದವರ ಕೈಗೆ ಸ್ವಲ್ಪ ಮಸಿ ತಾಗುತ್ತದೆ.

1303ರಲ್ಲಿ ನಿನ್ಶೋ ಗೊಕುರಾಕುಜಿಯಲ್ಲೇ ದೇಹ ಬಿಟ್ಟರು. 1328ರಲ್ಲಿ ಚಕ್ರವರ್ತಿ ಗೊದೈಗೊ ಅವರಿಗೆ ಬೋಧಿಸತ್ವ ಎಂಬ ಬಿರುದು ಕೊಟ್ಟರು.

ಬಂಧುಗಳೇ, ಈ ಕಥೆಯನ್ನು ಇಂದೇ ಬರೆಯಲು ಒಂದು ಕಾರಣವಿದೆ. ನಮ್ಮ ಬೀದಿಯಲ್ಲಿ ಒಬ್ಬ ಹಿರಿಯರಿದ್ದರು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕಿತ್ತು. ಚಿಕಿತ್ಸೆ ಉಚಿತವೇ. ಹೋಗಿ ಬರುವ ಆಟೋಗೆ ದುಡ್ಡಿಲ್ಲದೆ ಎಷ್ಟೋ ವಾರ ಒಂದೇ ಸಲ ಹೋಗುತ್ತಿದ್ದರು. ನಾನು ಪ್ರತಿದಿನ ಬೆಳಿಗ್ಗೆ ಕಣ್ಣು ಮುಚ್ಚಿ ಕುಳಿತು ಅವರ ಹೆಸರು ನೆನೆದು ಮೈತ್ರಿ ಭಾವನೆ ಮಾಡುತ್ತಿದ್ದೆ. ಎದ್ದ ಮೇಲೆ, ಅವರವರ ಕರ್ಮ, ನಾವೇನು ಮಾಡಲಾಗುತ್ತದೆ ಎಂದು ಮನೆಯಲ್ಲಿ ಹೇಳುತ್ತಿದ್ದೆ. ನನ್ನ ಕಾರು ಮನೆ ಮುಂದೆಯೇ ನಿಂತಿರುತ್ತಿತ್ತು. ಆಟೋ ದುಡ್ಡಿನ ವಿಷಯ ನನಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ, ಅವರ ಮಗಳ ಬಾಯಿಂದ. ತಿಳಿಯದೇ ಇದ್ದದ್ದು ಏಕೆ ಎಂದರೆ, ಹೇಗೆ ಹೋಗಿ ಬರುತ್ತೀರಿ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ನಾರಾಜಾಕಾದ ರೋಗಿಗೆ ಪೇಟೆಯಲ್ಲಿ ಅನ್ನ ಹಾಕುವವರು ಇದ್ದರು. ಅಲ್ಲಿಗೆ ತಲುಪಿಸುವವರು ಇರಲಿಲ್ಲ. ನಿನ್ಶೋ ಮೊದಲು ಮಾಡಿದ್ದು ಅಷ್ಟೇ ಕೆಲಸ. ಆಸ್ಪತ್ರೆ, ರಸ್ತೆ, ಸೇತುವೆ ಎಲ್ಲ ಆಮೇಲೆ ಬಂದವು.

*ಇಂದಿನ ಸಾಧನೆ:* ಮೈತ್ರಿ ಭಾವನೆಯಲ್ಲಿ ಕಾಯಿಲೆಯವರ ಹೆಸರು ಬಂದರೆ, ಎದ್ದ ಕೂಡಲೇ ಅವರಿಗೆ ಒಂದು ಫೋನ್ ಮಾಡೋಣ. ಹೇಗಿದ್ದೀರಿ ಎಂದು ಕೇಳುವುದರ ಜೊತೆಗೆ ಮುಂದಿನ ಸಲ ಆಸ್ಪತ್ರೆಗೆ ಯಾವತ್ತು ಹೋಗಬೇಕು, ಹೇಗೆ ಹೋಗುತ್ತೀರಿ ಎಂದೂ ಕೇಳೋಣ. ನಾನು ಇಂದು ಒಬ್ಬರಿಗೆ ಮಾಡುತ್ತಿದ್ದೇನೆ.

ಭವತು ಸಬ್ಬ ಮಂಗಲಂ 🙏